ಮೂಗೆತ್ತುವ ಟ್ರಾಕ್ಟರು, ಊರಿಗೆಲ್ಲ ಅತ್ತಿಗೆ

ಈ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿದೆಯೆಂದರೆ, ಬೀದಿಯ ಆಚೆ ಬದಿಯ ಮನೆಗಳು ಇನ್ನೂ ಹುಟ್ಟಿಯೇ ಇಲ್ಲವೇನೋ ಅನ್ನಿಸುತ್ತದೆ. ರಾತ್ರಿ ಬಿದ್ದ ತುಂತುರಿಗೆ ನೆಲ ನೆನೆದಿದೆ, ಆದರೆ ಕಾಲಿಗೆ ಅಂಟುತ್ತಿಲ್ಲ. ಗಾಳಿ ಸುಮ್ಮನೆ ನಿಂತಿದೆ. ಇಂಥ ಬೆಳಗನ್ನು ಮೇಲಿರುವವನು ಹುಲ್ಲಿಗೆಂದೇ ಕಳಿಸಿಕೊಟ್ಟಿರಬೇಕು. ನಾವು ತಲುಪುವ ಹೊತ್ತಿಗೆ ಕುಲುಮೆಯ ಬಾಗಿಲು ಆಗಲೇ ತೆರೆದಿದೆ. ಹೊಸ್ತಿಲ ಪಕ್ಕದಲ್ಲಿ, ವರ್ಷಗಟ್ಟಲೆ ಕೂತು ನುಣುಪಾದ ಒಂದು ಕಬ್ಬಿಣದ ದಿಮ್ಮಿಯ ಮೇಲೆ ಕೂತು, ಎರಡೂ ಕೈಯಲ್ಲಿ ಲೋಟ ಹಿಡಿದು ಚಹಾ ಕುಡಿಯುತ್ತಿದ್ದಾರೆ ಅತ್ತಿಗೆ.

ಯಾರ ಅತ್ತಿಗೆ ಎಂದು ಕೇಳಬೇಡಿ. ಅರವತ್ತರ ಹತ್ತಿರವಿರುವ ಈ ಹೆಂಗಸನ್ನು ಮೊದಲು ಹಾಗೆ ಕರೆದದ್ದು ಗಂಡನ ತಮ್ಮ, ಇದೇ ಕುಲುಮೆಯಲ್ಲಿ ವೆಲ್ಡಿಂಗ್ ಮಾಡುವ ಮೈದುನ. ಅವನ ಬಾಯಿಂದ ಗಿರಾಕಿಗಳ ಬಾಯಿಗೆ ಬಂತು, ಅಲ್ಲಿಂದ ಬೀದಿಗಿಳಿಯಿತು. ಈಗ ಅವರಿಗಿಂತ ಹಿರಿಯರೂ ಹಾಗೇ ಕರೆಯುತ್ತಾರೆ. "ದಾರೀಲಿ ಹೋಗೋರೆಲ್ಲ ಮೈದುನಂದಿರೇ. ಆದ್ರೆ ಒಬ್ಬನೂ ಒಂದು ದಿನ ಬಂದು ಪಾತ್ರೆ ತೊಳೆದುಕೊಟ್ಟವನಿಲ್ಲ" ಎಂದು ಅವರು ನಗುತ್ತಾರೆ.

ಅವರ ಕೆಲಸಕ್ಕೆ ಒಂದು ಹೆಸರಿಲ್ಲ. ಡಿಸ್ಕ್ ಹ್ಯಾರೋ ಎಂದರೆ ಉಕ್ಕಿನ ತಟ್ಟೆಗಳನ್ನು ನಾಲ್ಕು ಸರಗಳಂತೆ ಕೋದು ಮಾಡಿದ, ಮಣ್ಣು ಸೀಳುವ ಉಪಕರಣ. ಅಂಗಡಿಯಲ್ಲಿ ಸಿಗುವವೆಲ್ಲ ಈಗಿನ ಬಲವಾದ ಟ್ರಾಕ್ಟರುಗಳ ಅಳತೆಯವು. ಊರಿನ ಕೊಟ್ಟಿಗೆಗಳಲ್ಲಿ ಇರುವುದು ಅಪ್ಪಂದಿರ ಕಾಲದ ಟ್ರಾಕ್ಟರು. ಇವೆರಡಕ್ಕೂ ಹೊಂದಾಣಿಕೆ ಮಾಡಿಸುವುದು ಅತ್ತಿಗೆಯ ಕಾಯಕ. ಬಿತ್ತನೆಯ ಕಾಲದಲ್ಲಿ ದಿನಕ್ಕೆ ನಾಲ್ಕೈದು ಟ್ರಾಕ್ಟರುಗಳು ಈ ಬಾಗಿಲಲ್ಲಿ ನಿಲ್ಲುತ್ತವೆ.

"ಟ್ರಾಕ್ಟರಿಗೆ ವಯಸ್ಸಾಯ್ತು ಅಂತ ಮಾರಿಬಿಡ್ತಾರೆ. ಅಜ್ಜಿ ಕೈಗೆ ದೊಡ್ಡ ಕೊಡ ಕೊಟ್ಟು, ನೀರು ಚೆಲ್ಲಿದಳು ಅಂತ ಬೈಯೋದಾ? ಚಿಕ್ಕ ಕೊಡ ಕೊಡಿ. ಅಜ್ಜಿ ಇನ್ನೂ ಹತ್ತು ವರ್ಷ ನೀರು ತರ್ತಾಳೆ" ಎನ್ನುತ್ತಾರೆ ಅತ್ತಿಗೆ.

ಮದುವೆಯಾಗಿ ಬಂದಾಗ ಅವರಿಗೆ ಸ್ಪ್ಯಾನರ್ ಹಿಡಿಯುವುದೂ ಗೊತ್ತಿರಲಿಲ್ಲ. ಗಂಡನೇ ಕಲಿಸಿದ್ದು. ವೆಲ್ಡಿಂಗಿನ ಬೆಳಕು ನೋಡಿ ನೋಡಿ ಗಂಡನ ಕಣ್ಣು ಮಂಜಾದಾಗ ಮನೆಯ ಅನ್ನದ ಭಾರ ಹೊತ್ತು ಇವರೇ ಕುಲುಮೆಯ ಬಾಗಿಲಲ್ಲಿ ಬಂದು ನಿಂತರು. ಮೊದಮೊದಲು ಗಿರಾಕಿಗಳು ಇವರನ್ನು ನೋಡಿ, "ಒಳಗೆ ಯಾರಾದರೂ ಇದ್ದಾರಾ?" ಎಂದು ಕೇಳುತ್ತಿದ್ದರಂತೆ. "ಇದ್ದಾರೆ, ಅಡುಗೆ ಮಾಡ್ತಿದ್ದಾರೆ ಅಂತಿದ್ದೆ. ಸುಳ್ಳಲ್ಲ. ಅವತ್ತಿಂದ ಒಲೆ ಅವರದು, ಕುಲುಮೆ ನನ್ನದು. ಕೈಯಲ್ಲಿರೋ ಚಹಾನೂ ಅವರು ಮಾಡಿದ್ದೇ." ಎಡಗೈಯ ಒಂದು ಬೆರಳಿಗೆ ಉಗುರಿಲ್ಲ. ಏನಾಯಿತೆಂದು ಕೇಳಿದರೆ, "ಬೇರಿಂಗು ಕಾಣಿಕೆ ತಗೊಂಡ್ತು" ಎನ್ನುತ್ತಾರೆ.

ಅಷ್ಟರಲ್ಲಿ ಮಂಜಿನೊಳಗಿಂದ ಎರಡು ಮಂಕು ದೀಪಗಳು ಬರುತ್ತವೆ. ಹಿಂದೆಯೇ ಒಂದು ಹಳೆಯ ನೀಲಿ ಟ್ರಾಕ್ಟರು. ಓಡಿಸುತ್ತಿರುವವರು ಊರಿಗೆ ಹಾಲು ಕೊಡುವ ಹಾಲಿನ ಮಾವ. ಪಕ್ಕದಲ್ಲಿ ಮುಖ ಊದಿಸಿಕೊಂಡು ನಡೆದು ಬರುತ್ತಿರುವವಳು ಅವರ ಮಗಳು.

ಮುಖ ಊದಲು ಕಾರಣವಿದೆ. ಕುಲುಮೆಯ ಹಿಂದಿನ ಗೇಟು ದಾಟಿದರೆ ಇವರದೇ ಇಳಿಜಾರು ಹುಲ್ಲುಗಾವಲು. ಹನ್ನೊಂದು ಹಸುಗಳು ತುಳಿದು ತುಳಿದು ನೆಲ ಹಲಗೆಯಾಗಿದೆ, ಹುಲ್ಲು ವರ್ಷದಿಂದ ವರ್ಷಕ್ಕೆ ತೆಳ್ಳಗಾಗುತ್ತಿದೆ. ಅದನ್ನು ಮೇಲ್ಮೇಲೆ ಸೀಳಿ ಹೊಸ ಬೀಜ ಚೆಲ್ಲಬೇಕೆಂದು ಮಗಳು ಹಳೆ ಸಾಮಾನಿನ ಸಂತೆಯಿಂದ ಒಂದು ಹ್ಯಾರೋ ತಂದಳು. ತಂದದ್ದು ದೊಡ್ಡದು. ಹೋದ ವಾರ ಇಳಿಜಾರು ಹತ್ತುವಾಗ, ತಿರುವಿನಲ್ಲಿ ಹ್ಯಾರೋ ಮೇಲೆತ್ತಿದ್ದೇ ತಡ, ಟ್ರಾಕ್ಟರಿನ ಮುಂದಿನ ಗಾಲಿಗಳು ನೆಲ ಬಿಟ್ಟವು. ಗೇಟಿನ ಬಳಿ ನಿಂತಿದ್ದ ಅಪ್ಪ ಕಿರುಚಿದರು. ಹುಡುಗಿ ಹ್ಯಾರೋ ಕೆಳಗಿಳಿಸಿ ಬಚಾವಾದಳು. ಅಪ್ಪ ಅಂದೇ ಕೀಲಿ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡವರು, ಮಲಗುವಾಗಲೂ ತೆಗೆಯುವುದಿಲ್ಲವಂತೆ.

"ಇವತ್ತೂ ಮೂಗೆತ್ತಿದ್ರೆ ಇದು ನೇರ ಗುಜರಿಗೆ, ಅತ್ತಿಗೆಮ್ಮ. ಹುಲ್ಲು ಹೋದ್ರೆ ಹೋಗ್ಲಿ. ನನಗಿರೋದು ಒಬ್ಬಳೇ ಮಗಳು" ಎನ್ನುತ್ತಾರೆ ಹಾಲಿನ ಮಾವ.

"ಟ್ರಾಕ್ಟರು ಹೋದ್ರೆ ಹಸುಗಳೂ ಹೋಗ್ತಾವೆ, ಅಪ್ಪ. ಆಮೇಲೆ ನಿಮ್ಮನ್ನ ಹಾಲಿನ ಮಾವ ಅಂತ ಯಾರು ಕರೀತಾರೆ? ಬರೀ ಮಾವ!" ಮಗಳು ಸುಮ್ಮನಿರುವವಳಲ್ಲ.

ಅತ್ತಿಗೆ ಯಾರ ಪಕ್ಷವನ್ನೂ ಹಿಡಿಯುವುದಿಲ್ಲ. ಟ್ರಾಕ್ಟರಿನ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ಕಣ್ಣು ಮುಚ್ಚುತ್ತಾರೆ. ಪ್ರಾರ್ಥನೆಯೋ, ಎಂಜಿನ್ನಿನ ಸದ್ದು ಕೇಳುವುದೋ, ಹೇಳುವುದು ಕಷ್ಟ. ಬಹುಶಃ ಅವರಿಗೆ ಎರಡೂ ಒಂದೇ. ಆಮೇಲೆ ಟ್ರಾಕ್ಟರಿನ ಹಿಂದೆ ಕಟ್ಟಿದ ಹ್ಯಾರೋದ ಕೆಳಗೆ ಗೋಣಿ ಹಾಸಿ ಮಲಗಿ, ಮೈದುನನನ್ನು ಕರೆಯುತ್ತಾರೆ.

"ನಾಲ್ಕು ತಟ್ಟೆ ತೆಗಿ ಕಣೋ. ನಾಲ್ಕೂ ಸರದ ಹೊರತುದಿಯಿಂದ ಒಂದೊಂದು. ಒಂದು ಕಡೆ ಮಾತ್ರ ತೆಗೆದ್ರೆ ಕುಂಟುತ್ತೆ."

"ಅತ್ತಿಗೆ ತಟ್ಟೆ ತೆಗೆಯೋದ್ರಲ್ಲಿ ಎತ್ತಿದ ಕೈ. ಮನೇಲಿ ನನ್ನ ಊಟದ ತಟ್ಟೆನೂ ಹೀಗೇ ತೆಗೀತಾರೆ" ಎಂದು ಮೈದುನ ನಮ್ಮತ್ತ ತಿರುಗಿ ದೂರುತ್ತಾನೆ.

"ಅದರಲ್ಲಿ ಮೂರನೇ ಸಲ ಬಡಿಸಿಕೊಂಡ ಮೇಲೆ ಕಣೋ ತೆಗೆಯೋದು. ಬೋಲ್ಟು ತಿರುಗಿಸು."

ತಟ್ಟೆ ಕಡಿಮೆಯಾದರೆ ತೂಕ ಇಳಿಯಿತು, ಎಳೆಯುವ ಶ್ರಮವೂ ಇಳಿಯಿತು. ಉಳಿದ ತಟ್ಟೆಗಳ ಓರೆಯನ್ನು ಅತ್ತಿಗೆ ಹೆಚ್ಚು ಕಡಿಮೆ ನೇರಕ್ಕೆ ತರುತ್ತಾರೆ. ತಟ್ಟೆ ಓರೆಯಾದಷ್ಟೂ ಮಣ್ಣು ಮಗುಚುತ್ತದೆ, ನೇರವಾದಷ್ಟೂ ಬರೀ ಸೀಳುತ್ತದೆ. ಹೊಲಕ್ಕೆ ಮಗುಚುವುದು ಬೇಕು, ಹುಲ್ಲುಗಾವಲಿಗೆ ಬೇಡ. "ಹುಲ್ಲಿನ ತಲೆ ಬಾಚಬೇಕು ಮಗಳೇ, ಬೋಳಿಸಬಾರದು. ಬೇರು ಅಲ್ಲೇ ಇರ್ಲಿ. ಸಂದಿಗೆ ಒಂದಿಷ್ಟು ಗಾಳಿ, ನೀರು, ನಿನ್ನ ಬೀಜ. ಉಳಿದದ್ದು ಅವನ ಕೆಲಸ" ಎಂದು ಕಣ್ಣಲ್ಲೇ ಮೇಲೆ ತೋರಿಸುತ್ತಾರೆ.

ಮಂಜು ಕರಗುವ ಹೊತ್ತಿಗೆ ಪರೀಕ್ಷೆ. ಮಗಳಿಗೆ ಕೀಲಿ ಸಿಗದು, ಅಪ್ಪನೇ ಓಡಿಸುತ್ತಾರೆ. ನೆಲದ ಮೇಲೆ ಹ್ಯಾರೋ ಚೆನ್ನಾಗಿಯೇ ಸಾಗುತ್ತದೆ. ಹಿಂದೆ ತೆಳ್ಳನೆಯ ಕಪ್ಪು ಗೆರೆಗಳು ಮೂಡುತ್ತವೆ, ಎಂಜಿನ್ನು ಏದುಸಿರು ಬಿಡುವುದಿಲ್ಲ. ಇಳಿಜಾರಿನ ಬುಡದಲ್ಲೇ ನಿಲ್ಲಿಸಿ ಹ್ಯಾರೋ ಎತ್ತುತ್ತಾರೆ. ಮುಂದಿನ ಗಾಲಿಗಳು ನೆಲ ಬಿಡುವುದಿಲ್ಲ, ಆದರೆ ಬಿಟ್ಟೇನು ಎನ್ನುವಂತೆ ಹಗುರಾಗುತ್ತವೆ. ಹಾಲಿನ ಮಾವನ ಮುಖ ಬಿಳಿಚಿಕೊಳ್ಳುತ್ತದೆ. ಮಗಳ ಕಣ್ಣು ಹುಲ್ಲುಗಾವಲ ಅಂಚಿನ ಕೊಟ್ಟಿಗೆಯಲ್ಲಿ ಪೇರಿಸಿಟ್ಟ ಬೀಜದ ಮೂಟೆಗಳತ್ತ ಹೋಗುತ್ತದೆ.

ಅತ್ತಿಗೆ ಟ್ರಾಕ್ಟರಿನ ಮುಂದೆ ಮಂಡಿಯೂರಿ ಕೂರುತ್ತಾರೆ. ಮುಂಭಾಗದ ಕಬ್ಬಿಣದ ಪಟ್ಟಿಯಲ್ಲಿ ಎರಡು ಖಾಲಿ ತೂತುಗಳಿವೆ. ಬೆರಳು ತೂರಿಸಿ ನೋಡುತ್ತಾರೆ.

"ಮಾವ, ಇಲ್ಲೇನೋ ಇತ್ತು. ಮುಂದಕ್ಕೆ ಭಾರ ಕೊಡೋ ದಿಮ್ಮಿ. ಎಲ್ಲಿ?"

ಮಾವ ತಲೆ ಕೆರೆದುಕೊಳ್ಳುತ್ತಾರೆ. "ಇತ್ತು... ನಿಮ್ಮ ಯಜಮಾನರ ಅಪ್ಪನವರೇ ಒಯ್ದಿದ್ರು, ದೇವರು ಅವರನ್ನ ಮೇಲೆ ಚೆನ್ನಾಗಿಟ್ಟಿರಲಿ. ಕಾದ ತಗಡು ಡೊಂಕಾಗದ ಹಾಗೆ ಅದುಮಿಡೋಕೆ ಬೇಕು, ಎರಡು ದಿನ ಕೊಡು ಅಂದ್ರು. ಆಗ ನಾನು ಬರೀ ಹಾಲಿನ ಕ್ಯಾನು ಎಳೀತಿದ್ದೆ, ಅದಿಲ್ಲ ಅನ್ನೋದೇ ಮರೆತುಹೋಯ್ತು. ಈಗ ಎಲ್ಲಿ ಹುಡುಕೋದು?"

ಅತ್ತಿಗೆಯ ಮುಖದಲ್ಲಿ ಏನೋ ಓಡಾಡುತ್ತದೆ. ಮೈದುನ ಅವರನ್ನು ನೋಡುತ್ತಾನೆ, ಅವರು ಮೈದುನನನ್ನು. ಇಬ್ಬರೂ ಒಟ್ಟಿಗೆ ಕುಲುಮೆಯ ಹೊಸ್ತಿಲ ಕಡೆ ತಿರುಗುತ್ತಾರೆ.

ದಿಮ್ಮಿ ಅಲ್ಲೇ ಇದೆ, ಮೇಲೆ ಚಹಾದ ಖಾಲಿ ಲೋಟ.

ಹೊರಳಿಸಿದರೆ, ಮಸಿ ಮೆತ್ತಿ ಮುಚ್ಚಿಹೋದ ಎರಡು ತೂತುಗಳು. ಅಡಿಯಲ್ಲಿ, ತುಕ್ಕಿನ ನಡುವೆ, ಅಂಗೈಯಗಲದ ನೀಲಿ ಬಣ್ಣ. ಮೈದುನ ನಕ್ಕು ನಕ್ಕು ಗೋಡೆ ಹಿಡಿಯುತ್ತಾನೆ. "ಇಪ್ಪತ್ತು ವರ್ಷದಿಂದ ಊರಿನ ಟ್ರಾಕ್ಟರಿಗೆಲ್ಲ ಮದ್ದು ಹೇಳೋರು, ಒಂದು ಟ್ರಾಕ್ಟರಿನ ಮೂಗಿನ ಮೇಲೇ ಕೂತಿದ್ರಲ್ಲ ಅತ್ತಿಗೆ!" ಅತ್ತಿಗೆ ಅವನಿಗೆ ಹೊಡೆಯಲು ಕೈಯೆತ್ತಿ, ತಾವೂ ನಗು ತಡೆಯಲಾರದೆ ಬಾಗಿಲ ಚೌಕಟ್ಟಿಗೆ ಒರಗುತ್ತಾರೆ. ಒಳಗಿನಿಂದ ಗಂಡನ ದನಿ: "ಏನಾಯ್ತು?" "ನಿಮ್ಮಪ್ಪ ಸಾಲ ತಂದಿದ್ದು ಸಿಕ್ಕಿತು!"

ಕೈಗಾಡಿಯಲ್ಲಿ ದಿಮ್ಮಿ ಹೊರಡುತ್ತದೆ. ತಳ್ಳಲು ಮೈದುನನಿಗೆ ಬಿಡದೆ ಅತ್ತಿಗೆಯೇ ತಳ್ಳುತ್ತಾರೆ. ಇಷ್ಟು ವರ್ಷ ದುಡಿದ ಮೇಲೆ ಏನಾದರೂ ಆಸೆ ಉಳಿದಿದೆಯೇ ಎಂದು ಕೇಳಿದರೆ, ಗಾಡಿ ನಿಲ್ಲಿಸಿ ಸ್ವಲ್ಪ ಯೋಚಿಸುತ್ತಾರೆ. "ಬೆಳಿಗ್ಗೆವರೆಗೂ ಏನೂ ಇರಲಿಲ್ಲ. ಈಗ ಒಂದು ಸ್ಟೂಲು ಬೇಕಾಗಿದೆ."

ಟ್ರಾಕ್ಟರಿನ ಮುಂದೆ ಗಾಡಿ ನಿಲ್ಲುತ್ತದೆ. "ತಗೊಳ್ಳಿ ಮಾವ, ನಿಮ್ಮದು. ಕೂತು ಕೂತು ಬೆಚ್ಚಗಿಟ್ಟಿದ್ದೀನಿ."

ದಿಮ್ಮಿ ಕೂರುತ್ತದೆ, ಬೋಲ್ಟು ಬಿಗಿಯುತ್ತದೆ. ಹಾಲಿನ ಮಾವ ಇಳಿಜಾರು ಹತ್ತಿ, ನಡುವೆ ನಿಲ್ಲಿಸಿ, ಉಸಿರು ಹಿಡಿದು ಹ್ಯಾರೋ ಎತ್ತುತ್ತಾರೆ. ಮುಂದಿನ ಗಾಲಿಗಳು ಹುಲ್ಲಿಗೆ ಒತ್ತಿ ಕೂತೇ ಇವೆ. ಇನ್ನೊಮ್ಮೆ ಎತ್ತುತ್ತಾರೆ. ಇಳಿಸುತ್ತಾರೆ. ಮತ್ತೊಮ್ಮೆ.

"ಸಾಕು ಮಾವ, ಅದಕ್ಕೆ ತಲೆ ತಿರುಗುತ್ತೆ!" ಎಂದು ಅತ್ತಿಗೆ ಕೂಗುತ್ತಾರೆ.

ಮಾವ ಕೆಳಗೆ ಬಂದು ಎಂಜಿನ್ನು ಆರಿಸುತ್ತಾರೆ. ಬಡಗಣ ಆಕಾಶದಲ್ಲಿ ಮೋಡ ಕಟ್ಟುತ್ತಿದೆ, ಸಂಜೆಗೆ ಮಳೆ ಬರಬಹುದು. ಮಗಳು ಕೊಟ್ಟಿಗೆಯಿಂದ ತಂದ ಬೀಜದ ಮೂಟೆಯ ಬಾಯಿ ಬಿಚ್ಚುತ್ತಾ ನಿಂತಿದ್ದಾಳೆ. ಅಪ್ಪ ಕೀಲಿ ಹೊರತೆಗೆದು, ಅಂಗಿಯ ಚುಂಗಿನಿಂದ ಒರೆಸಿ, ಯಾರಿಗೂ ಕಾಣುತ್ತಿಲ್ಲ ಎಂದುಕೊಂಡು, ಅವಳ ಅಂಗೈಯಲ್ಲಿಟ್ಟು ಬೆರಳು ಮಡಚುತ್ತಾರೆ.