ದೇವರ ಬೆಸುಗೆ ಬಿದ್ದ ಪಾತ್ರೆ

ನೇಪಾಳದ ಪಾಟನ್ನಿನ ನಮ್ಮ ಓಣಿಯಲ್ಲಿ ಅಷ್ಟಮಾಯಾ ಮಹರ್ಜನ್ ಅಯ್ಲಾ ಇಳಿಸಲು ಒಲೆ ಹಚ್ಚಿದಳೆಂದರೆ ಆಚೆ ಅಂಗಳದವರ ಮೂಗಿಗೂ ಸುದ್ದಿ ಮುಟ್ಟುತ್ತಿತ್ತು. ಮದುವೆಯಾಗಲಿ, ಸಾವಾಗಲಿ, ಮನೆಯಲ್ಲೇ ಬಟ್ಟಿ ಇಳಿಸಿದ ಅಕ್ಕಿಯ ಅಯ್ಲಾ ಇಲ್ಲದಿದ್ದರೆ ನಮ್ಮಲ್ಲಿ ದೇವರೂ ಒಲಿಯುವುದಿಲ್ಲ, ನೆಂಟರೂ ಒಲಿಯುವುದಿಲ್ಲ. ಅವಳ ಗಂಡ ಜ್ಞಾನಬಹಾದುರ್ ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ಅವಳು ಅತ್ತದ್ದನ್ನು ನಾವು ಯಾರೂ ಕಂಡಿರಲಿಲ್ಲ. ಮಾತಾಡಿಸಿದರೆ ಮಾತಾಡುತ್ತಿದ್ದಳು, ಬಡಿಸಿದರೆ ಉಣ್ಣುತ್ತಿದ್ದಳು, ಅಷ್ಟೇ.

ವರ್ಷದ ಕಾರ್ಯಕ್ಕೆ ಅಕ್ಕಿ ಹುದುಗಲು ಇಟ್ಟಿದ್ದಾಗ ಮೈದುನ ಬಾಬುಕಾಜಿ ಬಂದ. ನಮ್ಮಲ್ಲಿ ಅತ್ತಿಗೆಗೆ ಭೌಜು, ಅಣ್ಣನಿಗೂ ಅಣ್ಣನಂಥವನಿಗೂ ದಾಜು, ತಂಗಿಯಂಥವಳಿಗೆ ಬಹಿನಿ ಎನ್ನುತ್ತೇವೆ.

"ಭೌಜು, ಕಾರ್ಯ ಮುಗಿದ್ಮೇಲೆ ಆ ತಣ್ಣೀರಿನ ಪಾತ್ರೆ ನನಗೆ ಕೊಟ್ಬಿಡಿ. ದಾಜು ಇದ್ದಾಗಿನ ಅಯ್ಲಾದಲ್ಲಿದ್ದ ಸಿಹಿ ನಮ್ಮನೇದಕ್ಕೆ ಬರ್ತಾನೇ ಇಲ್ಲ. ನನ್ನ ಹೆಂಡ್ತಿ ಇಳಿಸಿದ್ದು ಕುಡಿದ್ರೆ ಗೋಡೆ ತೊಳೆದ ನೀರು ಕುಡಿದ ಹಾಗಿರುತ್ತೆ."

"ಅವಳೆದುರಿಗೆ ಹೇಳಿದ್ದೀಯಾ?"

"ಹೇಳಿ ಬದುಕೋದುಂಟಾ?"

"ತಗೊಂಡು ಹೋಗು," ಎಂದಳು.

ಹಂಡೆಯ ನೆತ್ತಿಯ ಮೇಲೆ ಕೂರುವ ತಾಮ್ರದ ಪಾತ್ರೆ ಅದು. ಮೇಲೆ ತಣ್ಣೀರು ತುಂಬಿರುತ್ತದೆ, ತಳ ಚೂಪಾಗಿರುತ್ತದೆ. ಕೆಳಗಿನಿಂದ ಏಳುವ ಆವಿ ಆ ತಳಕ್ಕೆ ತಾಗಿ ತಣಿದು, ತುದಿಯಿಂದ ಹನಿಹನಿಯಾಗಿ ಒಳಗಿಟ್ಟ ಗಡಿಗೆಗೆ ಇಳಿಯುತ್ತದೆ. ಕೊಡುವ ವಸ್ತು ಚೆನ್ನಾಗಿರಲಿ ಎಂದು ಅಷ್ಟಮಾಯಾ ಅದನ್ನು ಬೆಳಗಿಸಲು ಸಂತರತ್ನ ತಾಮ್ರಕಾರನ ಅಂಗಡಿಗೆ ಹೊತ್ತಳು. ಅವನು ಅದನ್ನು ಬೋರಲು ಹಾಕಿ ತುದಿಯ ಮೇಲೆ ಬೆರಳಾಡಿಸಿದ.

"ಇಲ್ಲಿ ಬಿರುಕು ಬಿಟ್ಟಿತ್ತಾ ಬಹಿನಿ?"

"ಹೌದು ದಾಜು. ಆಗ ನೀವು ಮಗಳ ಮದುವೆ ಅಂತ ಅಂಗಡಿ ಮುಚ್ಚಿದ್ರಿ. ನಮ್ಮನೆಯವರೇ ಹೋಗಿ ವಿಗ್ರಹ ಮಾಡೋರ ಹತ್ರ ಬೆಸುಗೆ ಹಾಕಿಸ್ಕೊಂಡು ಬಂದ್ರು."

ಅದರಲ್ಲಿ ಯಾರಿಗೂ ತಪ್ಪು ಕಾಣುತ್ತಿರಲಿಲ್ಲ. ನಮ್ಮ ಓಣಿಯ ಅರ್ಧ ಜನ ದೇವರನ್ನು ಮಾಡುವವರು. ಕೈ ಬೇರೆ, ಕಿರೀಟ ಬೇರೆ ಎರಕ ಹೊಯ್ದು, ಕೂದಲೆಳೆಯಷ್ಟೂ ಸಂದು ಕಾಣದಂತೆ ಕೂಡಿಸುತ್ತಾರೆ. ಪಾತ್ರೆ ಬೆಸೆಯುವುದು ಅವರಿಗೆ ಯಾವ ಲೆಕ್ಕ?

ಸಂತರತ್ನ ಆ ಬೆಸುಗೆಯನ್ನು ಉಗುರಿನಿಂದ ಕೆರೆದ. ಉಗುರು ಇಳಿಯಿತು. ಹಳೆಯ ಕಾಗದವೊಂದಕ್ಕೆ ತುದಿಯನ್ನು ಉಜ್ಜಿದ. ಪೆನ್ಸಿಲಿನಿಂದ ಎಳೆದಂತೆ ಬೂದು ಗೆರೆ ಮೂಡಿತು.

"ಸೀಸ," ಎಂದ. "ದೇವರ ಕೈ ಅಂಟಿಸೋಕೆ ಅಡ್ಡಿಯಿಲ್ಲ, ದೇವರೇನು ಅದನ್ನ ನೆಕ್ತಾನಾ? ಇಲ್ಲಿ ಬಿಸಿ ಬಿಸಿ ಹುಳಿ ಹನಿ ಇದರ ಮೇಲೇ ಇಳೀಬೇಕು. ಸೀಸ ಕರಗಿ ಜೊತೆಗೇ ಹೋಗುತ್ತೆ. ನಾಲಗೆಗೆ ಸಿಹಿ. ಹೊಟ್ಟೆ ಹಿಂಡುತ್ತೆ, ಆಮೇಲೆ ಮುಂಗೈ ಜೋತು..."

ಜ್ಞಾನಬಹಾದುರನ ಮುಂಗೈಗಳು ಒಗೆದು ಹಾಕಿದ ಬಟ್ಟೆಯಂತೆ ಜೋತುಬಿದ್ದಿದ್ದನ್ನು ಓಣಿಯೆಲ್ಲ ನೋಡಿತ್ತು. ನರದ ಬೇನೆ ಎಂದುಕೊಂಡಿದ್ದೆವು. ಪ್ರತಿ ಸಲ ರುಚಿ ನೋಡಿ ಹದ ಹೇಳುವುದು ಅವನ ಕೆಲಸವಾಗಿತ್ತು. ಬಟ್ಟಲು ಎತ್ತಲು ಆಗದಾದಾಗ ಅಷ್ಟಮಾಯಾಳೇ ಅವನ ತುಟಿಗೆ ಹಿಡಿಯುತ್ತಿದ್ದಳು.

ಅವಳು ಕಾಗದದ ಗೆರೆಯನ್ನು ನೋಡುತ್ತ ನಿಂತಳು. ಆಮೇಲೆ ಸೊಪ್ಪಿನವಳ ಮುಂದೆ ಕೇಳುವ ಹಾಗೆ ಕೇಳಿದಳು, "ಹೊಸದು ಯಾವುದಿದೆ? ಆ ಹೊಳೆಯೋದು?"

"ಅದು ಬೇಡ. ಸತು ಬಳಿದದ್ದು. ಹುಳಿ ತಾಗಿದ್ರೆ ಅದೂ ಬಿಟ್ಕೊಳ್ಳುತ್ತೆ."

"ಆ ಹಿತ್ತಾಳೆ ನಲ್ಲಿ ಇರೋದು?"

"ಕೊರೆಯೋಕೆ ಸುಲಭ ಆಗ್ಲಿ ಅಂತ ಹಿತ್ತಾಳೆಗೂ ಸೀಸ ಬೆರೆಸ್ತಾರೆ ಬಹಿನಿ. ನಲ್ಲಿ ಯಾಕೆ? ಸಂದೇ ಇಲ್ಲದ ಹಾಗೆ ಒಂದೇ ತಾಮ್ರದ ತಗಡಿಂದ ಬಡಿದು ಕೊಡ್ತೀನಿ."

"ಬಡೀರಿ. ಮೊದಲು ಇದನ್ನ ಬಡೀರಿ, ಚಪ್ಪಟೆಯಾಗ್ಲಿ."

ಅವನು ಸುತ್ತಿಗೆ ಎತ್ತಿದ. ಮುಗಿಯುವವರೆಗೂ ಅವಳು ಕದಲಲಿಲ್ಲ.

ಹೊಸ ಪಾತ್ರೆ ಮನೆಗೆ ಬಂದ ದಿನ ಬಾಬುಕಾಜಿಯನ್ನು ಕರೆಸಿದಳು. ಚಪ್ಪಟೆ ತಾಮ್ರ ಕಂಡು ಅವನಿಗೆ ರೇಗಿತು.

"ಕೊಡೋಕೆ ಮನಸ್ಸಿಲ್ಲದಿದ್ರೆ ಬಾಯಲ್ಲಿ ಹೇಳಬಹುದಿತ್ತಲ್ಲ ಭೌಜು! ದಾಜು ಹೋದ್ಮೇಲೆ ನಾನು ಪರದೇಶಿ ಅಲ್ವಾ?"

ಅವಳು ನಡೆದದ್ದನ್ನೆಲ್ಲ ಹೇಳಿದಳು. ದನಿ ಏರಲಿಲ್ಲ, ಇಳಿಯಲಿಲ್ಲ. ಅವನು ಆ ತಾಮ್ರ ಹಿಡಿದು ಜಗಲಿಯ ಮೇಲೆ ಕೂತ.

"ನಾನೂ ಕುಡಿದಿದ್ದೀನಲ್ಲ."

"ನಾನೂ ಕುಡಿದಿದ್ದೀನಿ. ನಾಳೆ ಆಸ್ಪತ್ರೆಗೆ ಹೋಗಿ ರಕ್ತ ಕೊಡ್ತೀನಿ, ನೀನೂ ಬಾ. ಆ ವಿಗ್ರಹದವರ ಮನೆಗೂ ಹೇಳಿ ಬಾ, ಇನ್ನು ಯಾರ ಪಾತ್ರೆಗೂ ಆ ಬೆಸುಗೆ ಹಾಕೋದು ಬೇಡ ಅಂತ."

"ಕೊನೆಕೊನೆಗೆ ದಾಜು ನಿಮ್ಮ ಕೈಯಿಂದಲೇ..."

"ಹೌದು."

ಬಾಬುಕಾಜಿ ಎದ್ದ. ಬಾವಿಯಿಂದ ನೀರು ಹೊತ್ತು ತಂದು ಹೊಸ ಪಾತ್ರೆಗೆ ತುಂಬಿದ. ಅವಳು ಒಲೆ ಹಚ್ಚಿದಳು. ಗಡಿಗೆ ಹೊರಗೆ ಬಂದಾಗ ಬಾಗಿಲಲ್ಲಿ ನಾವು ನಾಲ್ಕಾರು ಮಂದಿ ನೆರೆಯವರು ಸೇರಿದ್ದೆವು. ರುಚಿ ನೋಡಬೇಕಾದವನು ಇರಲಿಲ್ಲ; ಯಾರೂ ಕೈ ಚಾಚಲಿಲ್ಲ. ಅಷ್ಟಮಾಯಾ ತಾನೇ ಮಣ್ಣಿನ ಬಟ್ಟಲಿಗೆ ಸ್ವಲ್ಪ ಬಗ್ಗಿಸಿಕೊಂಡು ಬಾಯಿಗೆ ಹಾಕಿಕೊಂಡಳು.

"ಹೇಗಿದೆ ಭೌಜು?"

ಅವಳು ಅದನ್ನು ನುಂಗಿದಳು.

"ಗೊತ್ತಾಗ್ತಿಲ್ಲ," ಎಂದು ಬಟ್ಟಲನ್ನು ಅವನ ಕಡೆ ಚಾಚಿದಳು. "ನೀನು ನೋಡಿ ಹೇಳು."