ರೇಡಿಯೊದಲ್ಲಿ ಹಾಜರಿ ಕೂಗುವ ಟೀಚರ್

ಬೆಳಗಿನ ಆರು ಗಂಟೆ. ಹೊರಗಿನ ಸದ್ದು ನುಸುಳದಂತೆ ಗೋಡೆಗೆಲ್ಲ ಹಳೆಯ ಹಾಸಿಗೆ ಬಡಿದಿರುವ, ಊರ ರೇಡಿಯೊದ ಪುಟ್ಟ ಕೋಣೆಯಲ್ಲಿ ಟೀಚರ್ ಫ್ಯಾನ್ ಆರಿಸಿ ಮೈಕಿನ ಮುಂದೆ ಕೂರುತ್ತಾರೆ. ಕೆಂಪು ದೀಪ ಹೊತ್ತಿಕೊಳ್ಳುತ್ತದೆ. "ನಿನ್ನೆ ಕಲಿತ 'ರ' ಬರೀರಿ. ಅದರ ಹೊಟ್ಟೆಯೊಳಗೊಂದು ಚುಕ್ಕಿ ಇಡಿ. 'ಠ' ಆಯ್ತು ನೋಡಿ! ಸ್ಲೇಟ್ ಇಲ್ವಾ? ನೆಲ ಇದೆಯಲ್ಲ, ಅದರ ಮೇಲೇ ಬರೀರಿ."

ಕೇಳುತ್ತಿರುವವರು ಊರಾಚೆಯ ಇಟ್ಟಿಗೆ ಗೂಡುಗಳ ಮಕ್ಕಳು. ಏಳಕ್ಕೆಲ್ಲ ಅವರು ಕೆಲಸಕ್ಕೆ ನಿಲ್ಲಬೇಕು. ಶಾಲೆ ಎಂಟು ಕಿಲೋಮೀಟರ್ ದೂರ. ಹತ್ತಿರದಲ್ಲೇ ಟೀಚರ್ ಕಲಿಸುತ್ತಿದ್ದ ಶಾಲೆಯನ್ನು 'ಮಕ್ಕಳು ಕಡಿಮೆ' ಎಂದು ಮುಚ್ಚಿ ಒಂಬತ್ತು ವರ್ಷವಾಯಿತು. ಅಂದಿನಿಂದ ಐವತ್ತೆರಡರ ಈ ಹೆಂಗಸಿಗೆ ದಿನದ ಅರ್ಧ ಗಂಟೆಯ ರೇಡಿಯೊ ಪಾಠವೇ ತರಗತಿ.

ಕಳೆದ ವರ್ಷ ಆ ಅರ್ಧ ಗಂಟೆಯ ಮೇಲೂ ಕಣ್ಣು ಬಿತ್ತು. ಆರು ಗಂಟೆಯ ಹೊತ್ತು ಜಾಹೀರಾತಿಗೆ ಹೋಯಿತು, ಪಾಠ ಹನ್ನೊಂದಕ್ಕೆ ಬಂತು. ಹನ್ನೊಂದಕ್ಕೆ ಆ ಮಕ್ಕಳ ತಲೆಯ ಮೇಲೆ ಇಟ್ಟಿಗೆ ಇರುತ್ತದೆ. ರೇಡಿಯೊ ಪಾಠದ ಹೊತ್ತು ಗೊತ್ತುಮಾಡುವುದು ಶಿಕ್ಷಣ ಕಚೇರಿ; ಟೀಚರ್ ಅದರ ಮೆಟ್ಟಿಲು ಹತ್ತಿದರು. ಸಾಹೇಬರು ಕಡತದಿಂದ ತಲೆಯನ್ನೇ ಎತ್ತಲಿಲ್ಲ: "ಶಾಲೆಗೆ ಬರದ ಮಕ್ಕಳು ನಮ್ಮಲ್ಲಿ ಇಲ್ಲವೇ ಇಲ್ಲಮ್ಮ. ಸೊನ್ನೆ ಅಂತ ವರದಿ ಹೋಗಿದೆ."

"ಹೊಟ್ಟೆ ಉರಿದುಹೋಯ್ತು ರೀ," ಎಂದು ಟೀಚರ್ ಈಗಲೂ ಸಿಟ್ಟಿನಲ್ಲೇ ನನಗೆ ಹೇಳುತ್ತಾರೆ. "ಅಂಗೈ ಚರ್ಮ ಸುಲಿದಿರೋ ಮಗು ಇವರಿಗೆ ಸೊನ್ನೆಯಂತೆ!"

ಹದಿನೈದು ದಿನ ಅವರು ಗೂಡಿಂದ ಗೂಡಿಗೆ ನಡೆದು ಮಕ್ಕಳ ಹೆಸರು ಬರೆದುಕೊಂಡರು. ಒಂದು ಕಡೆ ಮೇಸ್ತ್ರಿ ನಾಯಿ ಛೂ ಬಿಟ್ಟ. ಬಟ್ಟೆ ಹರಿಯಿತು, ಪಟ್ಟಿ ಉಳಿಯಿತು: ನೂರ ನಲವತ್ತಮೂರು ಮಕ್ಕಳು. ಮರುದಿನದಿಂದ ದಿನಾ ಹನ್ನೊಂದಕ್ಕೆ ಪಾಠ ಬಿಟ್ಟು, ಇಡೀ ಊರಿಗೆ ಕೇಳುವಂತೆ ಒಂದೊಂದೇ ಹೆಸರು ಕೂಗಿದರು. ಪ್ರತಿ ಹೆಸರಿನ ಹಿಂದೆಯೂ ಅದೇ ಮಾತು: "ಗೈರುಹಾಜರಿ. ಇಟ್ಟಿಗೆ ಹೊರೋಕೆ ಹೋಗಿದೆ ಮಗು."

ಮೂರನೆಯ ದಿನ ಸಾಹೇಬರ ಫೋನು. "ನಮ್ಮ ಮಾನ ಕಳೀತಿದ್ದೀರಲ್ಲ, ನಿಲ್ಲಿಸಿ!"

"ಇಲ್ಲದ ಮಕ್ಕಳ ಹೆಸರು ಕೂಗಿದ್ರೆ ನಿಮ್ಮ ಮಾನ ಯಾಕೆ ಹೋಗುತ್ತೆ ಸಾರ್?"

ಹನ್ನೆರಡನೆಯ ದಿನ ಪಾಠಕ್ಕೆ ಆರು ಗಂಟೆಯ ಹೊತ್ತು ಮರಳಿ ಸಿಕ್ಕಿತು. ಶಾಲೆ ಸಿಗಲಿಲ್ಲ. ವರದಿಯಲ್ಲಿ ಇಂದಿಗೂ ಸೊನ್ನೆಯೇ. ಅದಕ್ಕೇ ಟೀಚರ್ ಪಾಠದ ಕೊನೆಗೆ ದಿನಾ ಹಾಜರಿ ಕೂಗುತ್ತಾರೆ. ಒಮ್ಮೆ ಒಂದು ಹೆಸರು ಬಿಟ್ಟುಹೋದಾಗ ಆ ಹುಡುಗಿಯ ಅಮ್ಮ ಸಂಜೆ ಮೈತುಂಬ ಮಣ್ಣಿನಲ್ಲೇ ನಡೆದು ಬಂದಳಂತೆ: "ಬೆಳಗ್ಗಿಂದ ನನ್ನ ಮಗಳು ಊಟ ಮುಟ್ಟಿಲ್ಲ ಟೀಚರಮ್ಮ. ನಾಳೆ ಎರಡು ಸಲ ಕೂಗಿಬಿಡಿ."

ನಿಮಗೇನು ಬೇಕು ಎಂದು ಕೇಳಿದೆ. ಹಾಜರಿ ಪುಸ್ತಕ ಮಡಚುತ್ತಾ ಹೇಳಿದರು: "ಹೆಸರು ಕೂಗಿದಾಗ 'ಬಂದಿದ್ದೀನಿ ಟೀಚರ್' ಅನ್ನೋದು ನನ್ನ ಕಿವಿಗೆ ಬೀಳ್ಬೇಕು. ಅವತ್ತೇ ಈ ಮೈಕನ್ನ ಗುಜರಿಗೆ ಹಾಕಿ."