ಹಿಮಗಾಡಿ ಕಟ್ಟಿದ ಗುರುದತ್ತ

ಮೈಸೂರಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಮೆಲ್ಬರ್ನ್ ಸೇರಿದ್ದ ಗುರುದತ್ತನಿಗೆ 1991ರಲ್ಲಿ ಕೆಲಸ ಹೋಯಿತು. ಕಾರ್ಖಾನೆ ಬಾಗಿಲು ಹಾಕಿತು, ಅಷ್ಟೆ. ನಲವತ್ತೇಳರ ಮನುಷ್ಯನನ್ನು ಯಾರು ಕರೆಯುತ್ತಾರೆ? ಅರ್ಜಿ ಬರೆದು ಬರೆದು ಕೈ ಸೋತಿತು. ಹೋದಲ್ಲೆಲ್ಲ ‘ಇಲ್ಲಿನ ಅನುಭವ ಎಷ್ಟು?’ ಎಂಬ ಪ್ರಶ್ನೆ. ಹತ್ತು ವರ್ಷ ಅಂದರೂ ಸಾಲದು, ದರಿದ್ರದ್ದು! ‘ನಾನು ಇಂಜಿನಿಯರ್’ ಎನ್ನಲು ನಾಚಿ ಕನ್ನಡ ಸಂಘದ ಕಡೆ ತಲೆ ಹಾಕುವುದನ್ನೇ ಬಿಟ್ಟ.

ಆಗ ಸಿಕ್ಕಿದವನು ಕೀತ್. ಹಿಮ ಬೀಳುವ ಬೆಟ್ಟದ ಮೇಲೆ ಅವನದೊಂದು ಲಾಡ್ಜ್. ಶೆಡ್ಡಿನಲ್ಲಿ ಅಜ್ಜ ಬಿಟ್ಟುಹೋದ 1924ರ ಕಾರು. ಹಿಂದಿನವರು ಚಳಿಗಾಲಕ್ಕೆ ಮಾಡಿಕೊಳ್ಳುತ್ತಿದ್ದಂತೆ ಅದನ್ನು ಹಿಮದ ಮೇಲೆ ಓಡುವ ಹಾಗೆ ಮಾಡಿಕೊಡು, ಪ್ರವಾಸಿಗರ ಮುಂದೆ ಓಡಿದರೆ ವರ್ಕ್‌ಶಾಪ್ ಪೂರ್ತಿ ನಿನ್ನ ಕೈಗೆ, ಕಾಯಂ ಕೆಲಸ, ಎಂದ.

ಗುರುದತ್ತ ಮೂರು ತಿಂಗಳು ಊಟ ನಿದ್ದೆ ಮರೆತ. ಮುಂದಿನ ಚಕ್ರ ಕಳಚಿ ಹಿಮದ ಮೇಲೆ ಜಾರುವ ಮರದ ಸ್ಕೀ ಕೂರಿಸಿದ. ಹಿಂದೆ ಇನ್ನೊಂದು ಜೊತೆ ಚಕ್ರ ಸೇರಿಸಿ, ಎರಡೂ ಕಡೆ ಯುದ್ಧದ ಟ್ಯಾಂಕಿಗಿರುವಂಥ ಉಕ್ಕಿನ ಕೊಂಡಿಗಳ ಪಟ್ಟಿ ಸುತ್ತಿದ. ಪ್ರದರ್ಶನದ ಹಿಂದಿನ ಸಂಜೆ ಲಾಡ್ಜ್‌ನ ಹಿತ್ತಲಲ್ಲಿ ಒಬ್ಬನೇ ಓಡಿಸಿ ನೋಡಿದ. ಅಬ್ಬಬ್ಬಾ, ಹೇಗೆ ಹೋಯಿತು! ಸ್ಟೀರಿಂಗ್ ಹಿಡಿದುಕೊಂಡೇ ಅತ್ತುಬಿಟ್ಟ.

ಬೆಳಗ್ಗೆ ಕೊರೆಯುವ ಚಳಿ. ಕೀತ್ ಜೊತೆ ಟೀ ಕುಡಿದು ಬರುವಷ್ಟರಲ್ಲಿ, ಜೊತೆಗೆ ಬಂದಿದ್ದ ಹೆಂಡತಿ ಉಷಾ ಗಾಡಿಗೆ ಅರಿಶಿನ ಕುಂಕುಮ ಹಚ್ಚಿ, ಸ್ಕೀ ಕೆಳಗೆ ನಿಂಬೆಹಣ್ಣಿಟ್ಟು, ಆರತಿ ತಟ್ಟೆ ಹಿಡಿದು ನಿಂತಿದ್ದಳು. ಸುತ್ತ ನಲವತ್ತು ಜನ. ಗುರುದತ್ತ ಇಂಜಿನ್ ಶುರುಮಾಡಿ ಗಾಡಿ ಮುಂದಕ್ಕೆ ಬಿಟ್ಟ. ಪಟ್ಟಿ ತಿರುಗಲಿಲ್ಲ. ಇನ್ನಷ್ಟು ಜೋರು ಕೊಟ್ಟ. ಲಟಕ್ ಎಂದು ಹಿಂದಿನ ಆಕ್ಸಲ್ ಮುರಿಯಿತು.

ಇಳಿದು ಬಗ್ಗಿ ನೋಡಿದ. ಒಂದೊಂದು ಕೊಂಡಿಯೊಳಗೂ ಗಾಜಿನಂಥ ಮಂಜುಗಡ್ಡೆ.

ಉಷಾ ಓಡಿಬಂದಳು. “ರೀ, ಏನಾಯ್ತು? ನಸುಕಲ್ಲೇ ಎದ್ದು ಮೂರು ಬಕೆಟ್ ಬಿಸಿನೀರು ಹಾಕಿ, ಸಂದಿಗೊಂದಿ ಬಿಡದೆ ತೊಳೆದು ಪೂಜೆ ಮಾಡಿದ್ನಲ್ರೀ!”

ಅವಳ ಮಾತು ಅಲ್ಲಿ ಬೇರೆ ಯಾರಿಗೂ ಅರ್ಥವಾಗಲಿಲ್ಲ. ಏನಾಯಿತೆಂದು ಕೀತ್ ಕೇಳಿದ. ನಿಜ ಹೇಳಿದರೆ ಗುರುದತ್ತನ ಮಾನ ಉಳಿಯುತ್ತಿತ್ತು, ಬಹುಶಃ ಕೆಲಸವೂ. ಆದರೆ ನಲವತ್ತು ಜೊತೆ ಕಣ್ಣು ಆ ತಟ್ಟೆಯ ಕಡೆ ತಿರುಗುತ್ತಿದ್ದವು. ಹಾಳಾಗಿ ಹೋಗಲಿ ಅನ್ನಿಸಿತು ಅವನಿಗೆ.

“ನನ್ನ ಲೆಕ್ಕ ತಪ್ಪಿತು,” ಎಂದ.

ಕೀತ್ ಬೈಯಲಿಲ್ಲ. ಭುಜ ತಟ್ಟಿ, ಬೇರೆ ಯಾರನ್ನಾದರೂ ನೋಡಿಕೊಳ್ಳುತ್ತೇನೆ ಎಂದು ಹೊರಟುಹೋದ.

ಬೆಟ್ಟ ಇಳಿಯುವಾಗ ಉಷಾ ಕಣ್ಣೊರೆಸಿಕೊಂಡು, “ನಾನಂತೂ ದೇವರಿಗೆ ಏನೂ ಕಮ್ಮಿ ಮಾಡ್ಲಿಲ್ಲ. ಈ ಇಂಜಿನಿಯರಿಂಗ್ ಇನ್ನು ನಿಮ್ಮ ಕೈಲಾಗಲ್ಲ, ಬಿಟ್ಬಿಡಿ ರೀ,” ಎಂದಳು.

ಅವನು ಬಿಟ್ಟ. ಗೋಡೌನೊಂದರಲ್ಲಿ ಪೆಟ್ಟಿಗೆ ಹೊರುವ ಕೆಲಸ ಹಿಡಿದ. ಮನೆಗೆ ಬಂದವರು ವಿಚಾರಿಸಿದರೆ ಉಷಾ ಮರುಕದಿಂದ, “ಪಾಪ, ಇವರಿಗೆ ಲೆಕ್ಕ ತಪ್ಪಿಹೋಯ್ತು,” ಎನ್ನುತ್ತಿದ್ದಳು. ಪಕ್ಕದಲ್ಲೇ ಕೂತ ಗುರುದತ್ತ ಹೌದೆಂದು ತಲೆಯಾಡಿಸುತ್ತಿದ್ದ.